ಫ್ರೆಂಚ್ ಚಲಚ್ಚಿತ್ರದಲ್ಲಿ ಕರ್ತೃವಿಚಾರ: ೧೯೦೮ನೆಯ ವರ್ಷ

ಫ್ರಾನ್ಸಿನ ಚಲಚ್ಚಿತ್ರ ಚರಿತ್ರೆಯಲ್ಲಿ ೧೮೯೫ಕ್ಕೆ ದೊರೆತಿರುವ ಪ್ರಸಿದ್ಧಿ ೧೯೦೮ಕ್ಕೆ ದೊರೆತಿಲ್ಲ. ಲ್ಯೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಹಣ ತೆತ್ತು ಬಂದ ಪ್ರೇಕ್ಷಕರಿಗೆ ತಮ್ಮ ಯಂತ್ರದ ಕೆಲಸವನ್ನು ತೋರಿಸಿದುದು ೧೮೯೫ರಲ್ಲಿ; ಅದು ಯಂತ್ರದ ಜನ್ಮವರ್ಷ. ಆದರೆ ಕೃತಿಯೆಂದ ಮೇಲೆ ಅದಕ್ಕೊಬ್ಬ ಕರ್ತೃವಿರಬೇಕಷ್ಟೆ. ಚಲಚ್ಚಿತ್ರದ ಕರ್ತೃ ಯಾರು ಎಂಬ ಪ್ರಶ್ನೆ ಹಲವು ಕಡೆಗಳಿಂದ ಒಮ್ಮೆಗೇ ಎದ್ದು ನಿಂತುದು ೧೯೦೮ರಲ್ಲಿ ಎಂದು ತೋರಿಸುವುದು ಈ ಲೇಖನದ ಉದ್ದೇಶ. ಕವಿ ಕಾವ್ಯಗಳ ಸಂಬಂಧವನ್ನು ಕುರಿತು ನಿತ್ಯವೂ ಆಲೋಚಿಸುವ ಸಾಹಿತ್ಯಾಧ್ಯಾಪಕರಿಗೆ ಈ ಪ್ರಶ್ನೆ ಪರಕೀಯವಾದುದಲ್ಲ.

ಪ್ರಶ್ನೆಯ ಮೂಲ ಮಾತ್ರ ಕಲೆಯಲ್ಲಿಲ್ಲ, ವ್ಯಾಪಾರದಲ್ಲಿದೆ. ಅದುವರೆಗೆ ಫಿಲ್ಮನ್ನು ಮೀಟರಿನ ಲೆಕ್ಕದಲ್ಲಿ ಬಟ್ಟೆಯಂತೆ ಮಾರುತ್ತಿದ್ದರು. ಕೊಂಡವರು ಜಾತ್ರೆಯಿಂದ ಜಾತ್ರೆಗೆ ಡೇರೆ ಸಾಗಿಸಿಕೊಂಡು ಹೋಗಿ, ಸುರುಳಿ ಸವೆಯುವವರೆಗೂ ಅದನ್ನೇ ತೋರಿಸುತ್ತಿದ್ದರು. ೧೯೦೭ರಲ್ಲಿ ಶಾರ್ಲ್ ಪಾತೆಯ ಸಂಸ್ಥೆ ಮಾರಾಟವನ್ನು ಬಿಟ್ಟು ಬಾಡಿಗೆಯ ಕ್ರಮವನ್ನು ಹಿಡಿಯಿತು. ಇದರಿಂದ ಜಾತ್ರೆಯವರಿಗೆ ಪೆಟ್ಟು ಬಿದ್ದಿತು. ನಗರಗಳಲ್ಲಿ ನೆಲೆನಿಂತ ಚಿತ್ರಮಂದಿರಗಳಿಗೆ ಅನುಕೂಲವಾಯಿತು. ನೆಲೆನಿಂತ ಮಂದಿರಕ್ಕೆ ಮೇಲಿಂದ ಮೇಲೆ ಹೊಸ ಕಥೆ ಬೇಕು; ನಾಟಕಶಾಲೆಗೆ ಹೋಗುವ ಗಣ್ಯರೂ ಬರಬೇಕು. ಗಣ್ಯರನ್ನು ಕರೆತರಲು ಗಣ್ಯರ ಹೆಸರುಗಳೇ ಬೇಕಾದುವು.

ಪಾಲ್ ಲಾಫಿತ್ ೧೯೦೮ರಲ್ಲಿ ಸ್ಥಾಪಿಸಿದ ‘ಫಿಲ್ಮ್ ದಾರ್’ ಸಂಸ್ಥೆ ಅಂತಹ ಹೆಸರುಗಳನ್ನು ಧಾರಾಳವಾಗಿ ಒದಗಿಸಿತು. ನವೆಂಬರ್ ೧೭ರಂದು ಪ್ಯಾರಿಸಿನ ಸಾಲ್ ಶಾರಾದಲ್ಲಿ ಅದರ ‘ಗೀಸ್ ಪ್ರಭುವಿನ ಕೊಲೆ’ ಪ್ರದರ್ಶಿತವಾಯಿತು. ಕಥಾಲೇಖಕ ಆನ್ರಿ ಲಾವ್ದಾನ್ ಫ್ರೆಂಚ್ ಅಕಾಡೆಮಿಯ ಸದಸ್ಯ. ದೊರೆ ಮೂರನೆಯ ಆನ್ರಿಯ ಪಾತ್ರ ವಹಿಸಿ, ಆಂದ್ರೆ ಕಾಲ್ಮೆತ್ತನೊಡನೆ ನಿರ್ದೇಶನವನ್ನೂ ನಡೆಸಿದ ಶಾರ್ಲ್ ಲ ಬಾರ್ಜಿ ಕಾಮೆದೀ ಫ್ರಾಂಸೇಜ್ ರಂಗಭೂಮಿಯ ನಟ. ಸಂಗೀತವನ್ನು ರಚಿಸಿದವನು ಎಪ್ಪತ್ತಮೂರು ವರ್ಷದ ಕಾಮೀಯ್ ಸ್ಯಾಂ-ಸಾನ್ಸ್. ವಸ್ತುವೋ ಶಾಲೆಯ ಮಕ್ಕಳಿಗೂ ಗೊತ್ತಿದ್ದುದು: ೧೫೮೮ರ ಡಿಸೆಂಬರ್ ೨೩ರಂದು ಬ್ಲ್ವಾ ಅರಮನೆಯಲ್ಲಿ ದೊರೆ ತನ್ನ ಪ್ರಬಲ ಪ್ರತಿಸ್ಪರ್ಧಿಯನ್ನು ಕೊಲ್ಲಿಸಿದ ಪ್ರಸಂಗ.

ಮುಂದಿನ ಚರಿತ್ರಕಾರರಲ್ಲಿ ಅನೇಕರು ಇದನ್ನು ‘ಫಿಲ್ಮಿಗಿಳಿದ ನಾಟಕ’ವೆಂದು ತಳ್ಳಿಹಾಕಿದರು. ಆಕ್ಷೇಪ ನಿರಾಧಾರವಲ್ಲ: ಗೋಡೆಗಳು ಬಣ್ಣ ಬಳಿದ ಪರದೆಗಳು, ಕ್ಯಾಮರಾ ನಿಂತಲ್ಲಿಂದ ಕದಲುವುದಿಲ್ಲ. ಆದಾಗ್ಯೂ ಚಿತ್ರವನ್ನು ಕಣ್ಣಾರೆ ನೋಡಿದವರಿಗೆ ಈ ತೀರ್ಪು ಪೂರ್ಣವಾಗಿ ಒಪ್ಪಿಗೆಯಾಗದು. ಪ್ರಭು ಕೋಣೆಯಿಂದ ಕೋಣೆಗೆ ನಡೆಯುತ್ತಾನೆ, ಕೊಲೆಗಡುಕರು ಸುತ್ತುವರಿಯುತ್ತಾರೆ, ಎಲ್ಲ ಮುಗಿದ ಮೇಲೆ ದೊರೆ ಅಳುಕುತ್ತ ಹೊರಬಂದು ಶವವನ್ನು ನೋಡುತ್ತಾನೆ. ನಮ್ಮ ಆಲಂಕಾರಿಕರ ಭಾಷೆಯಲ್ಲಿ ಹೇಳುವುದಾದರೆ ವಾಚಿಕವು ಸಂಪೂರ್ಣವಾಗಿ ಬಿದ್ದುಹೋಗಿ, ಆಂಗಿಕವೊಂದೇ ರಸದ ಭಾರವನ್ನು ಹೊತ್ತಿದೆ. ಇಲ್ಲಿ ಒಂದು ವಿನೋದವುಂಟು. ಮಾತುಗಾರನೆಂದೇ ಅಕಾಡೆಮಿಯ ಪೀಠವೇರಿದ ಲಾವ್ದಾನನ ಒಂದು ಮಾತೂ ಪ್ರೇಕ್ಷಕನ ಕಿವಿಗೆ ಬೀಳುವುದಿಲ್ಲ. ಹಾಗಾದರೆ ಆತ ಕರ್ತೃವಾದುದು ಯಾವುದರಿಂದ?

ಇದೇ ವರ್ಷ ಪಿಯೇರ್ ದಕೂರ್ಸೆಲ್ ಮೊದಲಾದವರು ಪಾತೆಯ ಆಶ್ರಯದಲ್ಲಿ ಗ್ರಂಥಕರ್ತರ ಚಲಚ್ಚಿತ್ರ ಸಂಘವೊಂದನ್ನು ಕಟ್ಟಿದರು. ಆಲ್ಬೇರ್ ಕಾಪೆಲಾನಿ ಅದಕ್ಕಾಗಿ ದೋದೆಯ ‘ಆರ್ಲೆಸಿಯೆನ್’ ನಾಟಕವನ್ನು ಚಿತ್ರಿಸಿದನು. ಕಥೆಗಳನ್ನು ಹೇಳದೆ ಕೇಳದೆ ಎತ್ತಿಕೊಳ್ಳುವ ಕಾಲ ಮುಗಿಯುತ್ತ ಬಂದಿದ್ದಿತು. ನವೆಂಬರ್ ೧೩ರಂದು, ಎಂದರೆ ಸಾಲ್ ಶಾರಾದ ಪ್ರದರ್ಶನಕ್ಕೆ ನಾಲ್ಕೇ ದಿನ ಮೊದಲು, ೧೮೮೬ರ ಬರ್ನ್ ಒಪ್ಪಂದವನ್ನು ಬರ್ಲಿನ್ನಿನಲ್ಲಿ ಪರಿಷ್ಕರಿಸಿ, ಕೃತಿಯನ್ನು ಚಲಚ್ಚಿತ್ರಕ್ಕೆ ತರುವ ಹಕ್ಕು ಲೇಖಕನದೆಂದು ನಿಯಮಿಸಲಾಯಿತು. ಅಷ್ಟೇ ಅಲ್ಲದೆ, ಅಭಿನಯದ ವಿನ್ಯಾಸದಿಂದಲೋ ಪ್ರಸಂಗಗಳ ಜೋಡಣೆಯಿಂದಲೋ ಸ್ವೋಪಜ್ಞತೆ ತೋರಿದ ಚಿತ್ರಕ್ಕೂ ಸಾಹಿತ್ಯಕೃತಿಗಿರುವ ರಕ್ಷಣೆಯನ್ನೇ ಕೊಟ್ಟರು. ಲಕ್ಷಣಗ್ರಂಥಕಾರರಿಗಿಂತ ಮೊದಲೇ ನ್ಯಾಯವಿದರು ‘ಜೋಡಣೆ’ಯನ್ನು ಕಾವ್ಯಲಕ್ಷಣವಾಗಿ ಗ್ರಹಿಸಿದುದು ಗಮನಾರ್ಹ. ಆದರೆ ಜೋಡಿಸಿದವನು ಲೇಖಕನೋ ನಿರ್ದೇಶಕನೋ ಎಂಬುದನ್ನು ಅವರು ನಿರ್ಣಯಿಸಲಿಲ್ಲ.

ಈ ಗಣ್ಯರ ಸದ್ದಿಗೆ ಮೂರು ತಿಂಗಳು ಮುಂಚೆ, ಆಗಸ್ಟ್ ೧೭ರಂದು, ಪ್ಯಾರಿಸಿನಲ್ಲಿ ಗೋಮೋನ್ ಸಂಸ್ಥೆಯ ಇನ್ನೊಂದು ಚಿತ್ರ ಪ್ರದರ್ಶಿತವಾಗಿದ್ದಿತು. ಹೆಸರು ‘ಫಾಂಟಾಸ್ಮಗೋರಿ’, ಅವಧಿ ಎರಡು ನಿಮಿಷಕ್ಕಿಂತ ಕಡಮೆ. ಐವತ್ತೊಂದು ವಯಸ್ಸಿನ ವ್ಯಂಗ್ಯಚಿತ್ರಕಾರ ಎಮಿಲ್ ಕೋಲ್ ಸುಮಾರು ಏಳುನೂರು ರೇಖಾಚಿತ್ರಗಳನ್ನು ಬಿಳಿಯ ಕಾಗದದ ಮೇಲೆ ಕಪ್ಪು ಗೆರೆಗಳಲ್ಲಿ ಬರೆದು, ಒಂದೊಂದಾಗಿ ಕ್ಯಾಮರಾದಲ್ಲಿ ಹಿಡಿದು, ಕಪ್ಪು ಬಿಳುಪುಗಳನ್ನು ತಿರುವುಮುರುವಾಗಿಸಿ ಅಚ್ಚು ತೆಗೆಸಿದ್ದನು. ನೋಡುವವರಿಗೆ ಕರಿಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳೇ ಕುಣಿದಂತೆ ತೋರಿತು. ಸೀಸೆ ಹೂವಾಗುತ್ತದೆ, ಆನೆ ಮನೆಯಾಗುತ್ತದೆ. ಅಕಾಡೆಮಿಯ ಸದಸ್ಯನಿಲ್ಲ, ರಾಜನಟನಿಲ್ಲ, ಕಥೆಯೆಂಬುದೂ ಇಲ್ಲವೆನ್ನಬಹುದು. ಕರ್ತೃ ಯಾರೆಂಬ ಸಂದೇಹಕ್ಕೆ ಆ ವರ್ಷದ ಕೃತಿಗಳಲ್ಲಿ ಎಲ್ಲಿಯಾದರೂ ಎಡೆಯಿಲ್ಲದಿದ್ದರೆ ಅದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ: ಆರಂಭದಲ್ಲಿ ಕೋಲನ ಕೈ ತೆರೆಯ ಮೇಲೆ ಬಂದು ಬೊಂಬೆಯನ್ನು ಗೀಚುತ್ತದೆ, ನಡುವೆ ಬೊಂಬೆ ಬಿದ್ದು ಚೂರಾದಾಗ ಅದೇ ಕೈ ಮರಳಿ ಬಂದು ಅದನ್ನು ಅಂಟಿಸಿ ಎಬ್ಬಿಸಿ ಕಳುಹಿಸುತ್ತದೆ.