ಶಾಲಾ ಆವರಣ ನಕ್ಷೆ

ಶಾಲೆ, ಕಾಲೇಜು ಅಥವಾ ವಿಶ್ವವಿದ್ಯಾಲಯದ ಕಟ್ಟಡ, ದಾರಿ, ಗೇಟು, ಮೈದಾನಗಳು ಎಲ್ಲೆಲ್ಲಿವೆ ಎಂದು ಹೊಸಬರಿಗೆ ತೋರಿಸುವ ಚಿತ್ರವೇ ಆವರಣ ನಕ್ಷೆ. ಅಲ್ಲೇ ಓದುವ ಮಕ್ಕಳಿಗೆ ಇದರ ಅಗತ್ಯ ಮೊದಲ ವಾರಕ್ಕೇ ತೀರಿಹೋಗುತ್ತದೆ. ಆಮೇಲೆ ಇದರ ಮುಂದೆ ನಿಲ್ಲುವವರೆಲ್ಲ ಹೊರಗಿನವರು: ಪೋಷಕರ ಸಭೆಗೆ ಬಂದ ಅಪ್ಪ ಅಮ್ಮ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇರೆ ಶಾಲೆಯಿಂದ ಬಂದ ಹುಡುಗಿ, ಮತದಾನದ ದಿನ ಭಾಗ ಸಂಖ್ಯೆಯ ಚೀಟಿ ಹಿಡಿದು ಕೊಠಡಿ ಹುಡುಕುವ ಅಜ್ಜಿ, ಆಂಬುಲೆನ್ಸ್ ಚಾಲಕ. ಇವರಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಹೆಚ್ಚಿನವರಿಗೆ ನಕ್ಷೆ ಓದುವ ಅಭ್ಯಾಸವೂ ಇರುವುದಿಲ್ಲ.

ಆದರೂ ಬಹಳಷ್ಟು ಶಾಲೆಗಳಲ್ಲಿ ನಕ್ಷೆಯ ಹೆಸರಲ್ಲಿ ತೂಗುವುದು ಎಂಜಿನಿಯರ್ ಬರೆದ ಕಟ್ಟಡದ ಪ್ಲಾನು. ಅದರಲ್ಲಿ ಗೋಡೆಯ ದಪ್ಪ, ಚರಂಡಿ, ಸಂಪು, ಸರ್ವೆ ನಂಬರಿನ ಗಡಿ ಎಲ್ಲವೂ ಇರುತ್ತವೆ. ಆಫೀಸಿನ ಬಾಗಿಲು ಯಾವ ಕಡೆಗಿದೆ ಎಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕಟ್ಟುವವನಿಗೆ ಬೇಕಾದ ಚಿತ್ರವನ್ನೇ ನಡೆಯುವವನ ಕೈಗೂ ಕೊಡುವುದರಿಂದ ಈ ತೊಡಕು. ಪ್ಲಾನನ್ನು ಚಿಕ್ಕದು ಮಾಡಿ, ಬಣ್ಣ ತುಂಬಿ, ಲ್ಯಾಮಿನೇಟ್ ಮಾಡಿಸಿದರೂ ತೊಡಕು ಬಗೆಹರಿಯದು.

ಗೋಡೆಗೆ ಹಾಕುವ ನಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ ದಿಕ್ಕಿನದು. ಉತ್ತರ ಮೇಲಿರಬೇಕೆಂಬುದು ಭೂಗೋಳ ಪಾಠದಿಂದ ಬಂದ ರೂಢಿ. ಗೇಟಿನಿಂದ ಒಳಬಂದು ದಕ್ಷಿಣಕ್ಕೆ ಮುಖ ಮಾಡಿ ನಿಂತವನಿಗೆ ಆ ನಕ್ಷೆಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್, ‘ನೀವು ಇಲ್ಲಿದ್ದೀರಿ’ ಎಂದು ಗುರುತು ಹಾಕುವ ನಕ್ಷೆಗಳ ಬಗ್ಗೆ 1982ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಮುಖ್ಯವಾದದ್ದು. 1984ರಲ್ಲಿ ಅವರೂ ಸಹೋದ್ಯೋಗಿಗಳೂ ಸೇರಿ ಜನರನ್ನು ಇಂಥ ನಕ್ಷೆಗಳ ಮುಂದೆ ನಿಲ್ಲಿಸಿ ಪರೀಕ್ಷಿಸಿದರು. ನಕ್ಷೆಯ ಮೇಲ್ಭಾಗವೂ ನೋಡುವವನ ಮುಂದಿನ ಜಾಗವೂ ಹೊಂದಿಕೊಂಡಿದ್ದರೆ ದಾರಿ ಸುಲಭವಾಗಿ ಸಿಗುತ್ತಿತ್ತು. ತಿರುಗಿಕೊಂಡಿದ್ದರೆ ಜನ ಗುರಿಯ ಕಡೆಗೆ ಬೆನ್ನು ಮಾಡಿ ಹೊರಟುಬಿಡುತ್ತಿದ್ದರು. ವಿಮಾನ ನಿಲ್ದಾಣ, ಅಂಗಡಿ ಸಂಕೀರ್ಣಗಳಲ್ಲಿ ಇಂದಿಗೂ ಈ ತಪ್ಪು ಧಾರಾಳವಾಗಿ ಕಾಣಸಿಗುತ್ತದೆ. ಒಂದೇ ಮುದ್ರಣವನ್ನು ನಾಲ್ಕು ಗೋಡೆಗೆ ಅಂಟಿಸಿದರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರವೇ ಅದರ ಮೂಲ. ಗೋಡೆ ನಾಲ್ಕು ದಿಕ್ಕಿಗಿದ್ದರೆ ನಕ್ಷೆಯೂ ನಾಲ್ಕು ಬಗೆಯಲ್ಲಿ ತಿರುಗಿರಬೇಕು.

ಲೆವಿನ್ ಹೇಳಿದ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಕೆಂಪು ಚುಕ್ಕೆಯೊಂದೇ ಇದ್ದರೆ ನಿಂತ ಜಾಗ ತಿಳಿಯುತ್ತದೆ, ಯಾವ ಕಡೆ ನೋಡುತ್ತಿದ್ದೇವೆಂಬುದು ತಿಳಿಯುವುದಿಲ್ಲ. ನಕ್ಷೆಯಲ್ಲೂ ಎದುರಿಗೂ ಕಾಣುವ ಎರಡು ಗುರುತುಗಳಾದರೂ ತಾಳೆಯಾಗಬೇಕು. ಚುಕ್ಕೆಗೆ ನೋಟದ ದಿಕ್ಕಿನ ಬಾಣ ಸೇರಿಸಿ, ಎದುರಿನ ಧ್ವಜಕಟ್ಟೆಯನ್ನೋ ನೀರಿನ ಟ್ಯಾಂಕನ್ನೋ ನಕ್ಷೆಯಲ್ಲಿ ಎದ್ದು ಕಾಣುವಂತೆ ಬರೆದರೆ ಅಷ್ಟು ಸಾಕು.

2007ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಲಂಡನ್ನಿನ ‘ಲೆಜಿಬಲ್ ಲಂಡನ್’ ಯೋಜನೆ ಇದೇ ತತ್ವವನ್ನು ಇಡೀ ನಗರಕ್ಕೆ ಹಬ್ಬಿಸಿತು. ಅಲ್ಲಿನ ಕಾಲುದಾರಿಯ ಫಲಕಗಳಲ್ಲಿ ನಕ್ಷೆ ನೋಡುಗನ ಮುಖದ ದಿಕ್ಕಿಗೇ ತಿರುಗಿರುತ್ತದೆ. ಹೆಸರಾದ ಕಟ್ಟಡಗಳು ಎತ್ತರ, ಆಕಾರದ ಸಮೇತ ಚಿತ್ರವಾಗಿ ನಿಂತಿರುತ್ತವೆ. ಐದು ನಿಮಿಷದ ನಡಿಗೆಯಲ್ಲಿ ಎಲ್ಲಿಯವರೆಗೆ ಹೋಗಬಹುದೆಂದು ಒಂದು ವೃತ್ತ ಹೇಳುತ್ತದೆ. ಮೀಟರಿನ ಅಳತೆಪಟ್ಟಿಗಿಂತ ಈ ವೃತ್ತ ಹೆಚ್ಚು ಜನಕ್ಕೆ ಅರ್ಥವಾಗುತ್ತದೆ. ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್ ಸಾಗುವುದರಿಂದ, ದೊಡ್ಡ ಶಾಲೆಯೂ ಒಂದೆರಡು ವೃತ್ತದಲ್ಲಿ ಮುಗಿಯುತ್ತದೆ.

ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ರೈಲು ನಕ್ಷೆಗಳ ಚರಿತ್ರೆಯಲ್ಲಿ ಎರಡು ಒಳ್ಳೆಯ ನಿದರ್ಶನಗಳಿವೆ. ಹ್ಯಾರಿ ಬೆಕ್ 1931ರಲ್ಲಿ ಬರೆದು, 1933ರಲ್ಲಿ ಜನರ ಕೈಸೇರಿದ ಲಂಡನ್ ಸುರಂಗ ರೈಲಿನ ನಕ್ಷೆ ನಿಜವಾದ ದೂರಗಳನ್ನು ಕೈಬಿಟ್ಟು ನೇರ ಗೆರೆಗಳಷ್ಟನ್ನೇ ಉಳಿಸಿಕೊಂಡಿತು. ಸುರಂಗದಲ್ಲಿ ಕೂತವನಿಗೆ ಮುಂದಿನ ನಿಲ್ದಾಣ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದಷ್ಟೇ ಬೇಕಿದ್ದರಿಂದ ಅದು ಗೆದ್ದಿತು. ನ್ಯೂಯಾರ್ಕಿನಲ್ಲಿ ಮಾಸ್ಸಿಮೊ ವಿನ್ಯೆಲ್ಲಿ 1972ರಲ್ಲಿ ಅದೇ ಜಾಡಿನಲ್ಲಿ ಬರೆದ ಸುಂದರ ನಕ್ಷೆ ಪ್ರಯಾಣಿಕರನ್ನು ಕೆರಳಿಸಿತು. ಉದ್ದನೆಯ ಸೆಂಟ್ರಲ್ ಪಾರ್ಕ್ ಅದರಲ್ಲಿ ಬೂದು ಬಣ್ಣದ ಚೌಕದಂತಿತ್ತು, ನದಿಗಳಿಗೆ ನೀಲಿ ಇರಲಿಲ್ಲ. 1979ರಲ್ಲಿ ಅದನ್ನು ಬದಲಿಸಿದರು. ನ್ಯೂಯಾರ್ಕಿನವರಿಗೆ ತಲೆಯ ಮೇಲಿನ ಊರು ಗೊತ್ತಿತ್ತು, ಅದಕ್ಕೆ ನಕ್ಷೆ ತಾಳೆಯಾಗಬೇಕೆಂದು ಅವರು ಬಯಸಿದರು.

ಶಾಲೆಯ ಆವರಣದಲ್ಲಿ ನಡೆಯುವವರು ಎಲ್ಲವನ್ನೂ ಕಣ್ಣಾರೆ ನೋಡುತ್ತಲೇ ನಡೆಯುತ್ತಾರೆ. ಹಾಗಾಗಿ ಇಲ್ಲಿ ಬೆಕ್‌ನ ಕತ್ತರಿಯನ್ನು ಎಚ್ಚರಿಕೆಯಿಂದ ಬಳಸಬೇಕು. ದಾರಿಯ ಸಣ್ಣ ಡೊಂಕನ್ನು ನೇರ ಮಾಡಬಹುದು, ಗೋಡೆಯ ಮೂಲೆಗಳನ್ನು ಬಿಡಬಹುದು. ಮೈದಾನದ ಎಡಕ್ಕಿರುವ ಕಟ್ಟಡವನ್ನು ಅಚ್ಚುಕಟ್ಟಿನ ಆಸೆಗೆ ಬಲಕ್ಕೆ ಸರಿಸುವಂತಿಲ್ಲ. ನೂರು ಮೀಟರಿನ ದಾರಿಯನ್ನು ಹತ್ತು ಮೀಟರಿನಂತೆ ತೋರಿಸುವಂತೆಯೂ ಇಲ್ಲ.

ಜನ ದಾರಿ ಹೇಳುವಾಗ ಬಳಸುವ ಗುರುತುಗಳೇ ನಕ್ಷೆಯ ನಿಜವಾದ ಬಂಡವಾಳ. ಕೆವಿನ್ ಲಿಂಚ್ 1960ರ ‘ದಿ ಇಮೇಜ್ ಆಫ್ ದಿ ಸಿಟಿ’ ಗ್ರಂಥದಲ್ಲಿ, ಜನರ ಮನಸ್ಸಿನಲ್ಲಿ ನಗರ ಮೂಡುವುದು ದಾರಿ, ಅಂಚು, ವಲಯ, ಕೂಡುತಾಣ, ಹೆಗ್ಗುರುತು ಎಂಬ ಐದು ಅಂಶಗಳಿಂದ ಎಂದು ತೋರಿಸಿದ್ದರು. ಶಾಲೆಗೂ ಇದು ಒಪ್ಪುತ್ತದೆ. ಜವಾನನನ್ನು ಕೇಳಿದರೆ ‘ಬಿಸಿಯೂಟದ ಅಡುಗೆಕೋಣೆ ದಾಟಿ, ಅರಳೀಕಟ್ಟೆ ಹತ್ತಿರ ಎಡಕ್ಕೆ ತಿರುಗಿ’ ಎನ್ನುತ್ತಾನೆ. ಅದೇ ಶಾಲೆಯ ನಕ್ಷೆಯಲ್ಲಿ ಅರಳೀಕಟ್ಟೆಯೂ ಇರುವುದಿಲ್ಲ, ಅಡುಗೆಕೋಣೆಯೂ ಇರುವುದಿಲ್ಲ. ದಾನಿಗಳ ಪೂರ್ಣ ಹೆಸರು ಹೊತ್ತ ‘ಸ್ಮಾರಕ ಶತಮಾನೋತ್ಸವ ಭವನ’ ಮಾತ್ರ ಇರುತ್ತದೆ. ದಾನಿಗಳ ಹೆಸರು ಕಟ್ಟಡದ ಮೇಲಿರಲಿ. ನಕ್ಷೆಯಲ್ಲಿ ಜನರ ಬಾಯಲ್ಲಿರುವ ಹೆಸರು ಮೊದಲು ಬರಬೇಕು. ಸುಮಾರು 400 ಎಕರೆಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಳರಸ್ತೆಗಳಿಗೆ ಗುಲ್‌ಮೊಹರ್, ಮಹಾಗನಿ, ಬಾದಾಮಿ, ಅಶೋಕ ಎಂದು ಮರಗಳ ಹೆಸರಿವೆ. ನೆನಪಿಡಲು, ಬಾಯಲ್ಲಿ ಹೇಳಲು ಇಂಥ ಹೆಸರುಗಳು ಹಗುರ.

ಹೆಸರಿಗೆ ಬದಲಾಗಿ ಸಂಖ್ಯೆಯನ್ನು ನೆಚ್ಚಿದ ಪ್ರಸಿದ್ಧ ಆವರಣ ಅಮೆರಿಕದ ಎಂಐಟಿ. ದೊಡ್ಡ ಗುಮ್ಮಟವಿರುವುದು 10ನೇ ಕಟ್ಟಡದ ಮೇಲೆ. ಅದರ ಪೂರ್ವಕ್ಕೆ ಮುಖ್ಯ ಸಮೂಹದ 4, 8ರಂಥ ಸಮಸಂಖ್ಯೆಗಳು, ಪಶ್ಚಿಮಕ್ಕೆ 3, 7ರಂಥ ಬೆಸಸಂಖ್ಯೆಗಳು. 7, 3, 10, 4, 8 ಈ ಐದನ್ನೂ 251 ಮೀಟರ್ ಉದ್ದದ ‘ಅನಂತ ಪಡಸಾಲೆ’ ಪೋಣಿಸುತ್ತದೆ. 10-250 ಎಂದರೆ 10ನೇ ಕಟ್ಟಡದ ಎರಡನೇ ಅಂತಸ್ತಿನ ಕೊಠಡಿ. ಸೂತ್ರ ಗೊತ್ತಾದವನಿಗೆ ನಕ್ಷೆಯೇ ಬೇಡ, ಗೊತ್ತಿಲ್ಲದವನಿಗೆ ಇಡೀ ಆವರಣ ಒಗಟು. ನಮ್ಮ ಶಾಲೆಗಳಿಗೆ ಇದರಿಂದ ಎತ್ತಿಕೊಳ್ಳಬೇಕಾದ್ದು ಒಂದಿದೆ: ಕೊಠಡಿಯ ಸಂಖ್ಯೆಯಲ್ಲೇ ಬ್ಲಾಕು, ಅಂತಸ್ತು ತಿಳಿಯಬೇಕು. ಬಾಗಿಲ ಮೇಲೆ ೬ ಎಂದು ಬರೆದು ನಕ್ಷೆಯಲ್ಲಿ 6 ಎಂದು ಮುದ್ರಿಸುವುದೂ ತಪ್ಪಬೇಕು.

ಕನ್ನಡದ ನಕ್ಷೆಗೆ ತನ್ನದೇ ತಾಪತ್ರಯಗಳಿವೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಹೆಸರಿಗೆ ಇಂಗ್ಲಿಷಿಗಿಂತ ಹೆಚ್ಚು ಸಾಲಂತರ ಬೇಕು. ಇಲ್ಲದಿದ್ದರೆ ‘ವಿಜ್ಞಾನ’ದ ಒತ್ತು ಕೆಳಗಿನ ‘ಪ್ರಯೋಗಾಲಯ’ಕ್ಕೆ ತಗಲುತ್ತದೆ. ಇಂಗ್ಲಿಷ್ ನಕ್ಷೆಕಾರರು ಮೈದಾನದ ಉದ್ದಕ್ಕೂ ಹೆಸರು ಹರಡಲು ಅಕ್ಷರಗಳನ್ನು ದೂರ ದೂರ ಇಡುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಿದರೆ ಪದ ಚೂರಾಗುತ್ತದೆ. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲದ ಕಾರಣ ಮುಖ್ಯ, ಅಮುಖ್ಯ ಎಂಬುದನ್ನು ಗಾತ್ರ ಮತ್ತು ದಪ್ಪದಿಂದಲೇ ತೋರಿಸಬೇಕು. ಚಿತ್ರ ಬರೆಯುವ ತಂತ್ರಾಂಶದಲ್ಲೂ ಬಲೆಗಳಿವೆ: ಅಡೋಬಿ ಇಲ್ಲಸ್ಟ್ರೇಟರ್‌ನಲ್ಲಿ ‘ವರ್ಲ್ಡ್ ರೆಡಿ’ ಸಂಯೋಜಕವನ್ನು ಆರಿಸದಿದ್ದರೆ ಯುನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗುತ್ತವೆ. ಮುದ್ರಣಕ್ಕೆ ಹೋಗುವ ಮುನ್ನ ಕನ್ನಡ ಬಲ್ಲವರೊಬ್ಬರು ಕೊನೆಯ ಪ್ರತಿಯನ್ನು ಓದದೆ ಬಿಡಬಾರದು.

ಅರ್ಧ ಮೀಟರಿನಿಂದ ಓದುವ ಫಲಕದಲ್ಲಿ ಅಕ್ಷರ ನಾಲ್ಕೈದು ಮಿಲಿಮೀಟರ್ ಎತ್ತರವಿದ್ದರೆ ನೆಮ್ಮದಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸವಿರಬೇಕೆಂದು ಜಾಲತಾಣಗಳ ಪ್ರವೇಶಸಾಧ್ಯತೆಯ ಮಾರ್ಗಸೂಚಿ ಹೇಳುತ್ತದೆ. ಮುದ್ರಣಕ್ಕೂ ಅದು ಒಳ್ಳೆಯ ಅಳತೆ. ಕೆಂಪು ಹಸಿರು ಬೇರೆ ಮಾಡಲಾಗದ ವರ್ಣಾಂಧತೆ ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರಲ್ಲಿದೆ. ಭಾರತೀಯರಲ್ಲಿ ಪ್ರಮಾಣ ಕಡಿಮೆಯಾದರೂ ದೊಡ್ಡ ಶಾಲೆಯಲ್ಲಿ ಅಂಥ ಮಕ್ಕಳು ಇದ್ದೇ ಇರುತ್ತಾರೆ. ಆದ್ದರಿಂದ ಹುಡುಗರ ಶೌಚಾಲಯ, ಹುಡುಗಿಯರ ಶೌಚಾಲಯಗಳನ್ನು ಬರೀ ಬಣ್ಣದಿಂದ ಬೇರ್ಪಡಿಸದೆ ಚಿತ್ರ, ಅಕ್ಷರಗಳನ್ನೂ ಸೇರಿಸಬೇಕು. ಹತ್ತು ವರ್ಷದ ಮಗುವಿನ ಎತ್ತರ 135ರಿಂದ 140 ಸೆಂಟಿಮೀಟರ್. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ಇನ್ನೂ ಕೆಳಗೆ. ನೋಟಿಸ್ ಬೋರ್ಡಿನ ಮೇಲ್ತುದಿಗೆ ಹೊಡೆದ ನಕ್ಷೆ ಇವರಿಬ್ಬರಿಗೂ ದಕ್ಕದು.

ಫೋನಿನಲ್ಲಿ ಕಷ್ಟ ಬೇರೆ ಬಗೆಯದು. ಮೊಬೈಲ್ ನಕ್ಷೆಗಳು ಶಾಲೆಯನ್ನು ಆವರಣದ ನಡುವಿನ ಒಂದು ಚುಕ್ಕೆಯಾಗಿ ತೋರಿಸಿದಾಗ ಆಟೋದವನು ಹಿಂದಿನ ಕಾಂಪೌಂಡಿಗೆ ಕರೆದೊಯ್ಯುತ್ತಾನೆ, ಗೇಟು ಆಚೆ ರಸ್ತೆಯಲ್ಲಿರುತ್ತದೆ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೇಟು, ಕಟ್ಟಡದ ಬಾಗಿಲು, ಮೆಟ್ಟಿಲು, ಇಳಿಜಾರುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಕನ್ನಡ ಹೆಸರಿಗೆಂದೇ ಪ್ರತ್ಯೇಕ ಜಾಗವೂ ಇದೆ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ವಿದ್ಯಾರ್ಥಿನಿಲಯದ ಒಳವಿವರಗಳನ್ನು ಸಾರ್ವಜನಿಕ ನಕ್ಷೆಯಲ್ಲಿ ಬಿಡುವುದೇ ಸರಿ.

ದೃಷ್ಟಿಹೀನರಿಗಾಗಿ ಉಬ್ಬುಗೆರೆ, ಬ್ರೈಲ್ ಅಕ್ಷರಗಳ ಸ್ಪರ್ಶ ನಕ್ಷೆಗಳಿವೆ. ಬೆರಳು ಕಣ್ಣಿನಷ್ಟು ಸೂಕ್ಷ್ಮವಾಗಿ ಗೆರೆ ಬೇರ್ಪಡಿಸಲಾರದಾದ್ದರಿಂದ ಅವುಗಳಲ್ಲಿ ವಿವರ ಮತ್ತಷ್ಟು ಕಡಿಮೆ, ಅಂತರ ಮತ್ತಷ್ಟು ಹೆಚ್ಚು. ಬೆಂಕಿ ಬಿದ್ದಾಗ ಹೊರಹೋಗುವ ದಾರಿ ತೋರಿಸುವ ನಕ್ಷೆಯೂ ಬೇರೆಯೇ ಆಗಿರಬೇಕು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯ ಬೆಂಕಿಗೆ 94 ಮಕ್ಕಳು ಬಲಿಯಾದ ನಂತರ, 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಅಗ್ನಿ ಸುರಕ್ಷತೆಯ ಬಗ್ಗೆ ನಿರ್ದೇಶನ ಕೊಟ್ಟಿತು. ತುರ್ತು ನಿರ್ಗಮನದ ಫಲಕಗಳಿಗೆ ಐಎಸ್‌ಒ 23601 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲೂ ನಕ್ಷೆ ನೋಡುಗ ನಿಂತ ದಿಕ್ಕಿಗೇ ಹೊಂದಿಕೊಂಡಿರಬೇಕೆಂಬ ನಿಯಮವಿದೆ.

ನಕ್ಷೆ ಚೆನ್ನಾಗಿದೆಯೇ ಎಂದು ಬರೆದವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಶಾಲೆ ಮೊದಲೇ ಗೊತ್ತು. ಆವರಣವನ್ನು ಎಂದೂ ನೋಡದ ನಾಲ್ಕೈದು ಜನರನ್ನು ಗೇಟಿನಲ್ಲಿ ನಿಲ್ಲಿಸಿ, ಕೈಗೆ ನಕ್ಷೆ ಕೊಟ್ಟು, ‘ಕಂಪ್ಯೂಟರ್ ಲ್ಯಾಬಿಗೆ ಹೋಗಿ’ ಎಂದು ಕಳಿಸಿ, ಮಾತಾಡದೆ ಹಿಂದೆ ನಡೆಯಬೇಕು. ಬಳಕೆಯ ಪರೀಕ್ಷೆಗೆ ಐದು ಜನ ಸಾಕೆಂದು ಯಾಕೋಬ್ ನೀಲ್ಸನ್ 2000ದಲ್ಲಿ ವಾದಿಸಿದ್ದು ಜಾಲತಾಣಗಳನ್ನು ಕುರಿತು, ಆದರೂ ಶಾಲೆಯ ಮಟ್ಟಕ್ಕೆ ಅದು ಧಾರಾಳವಾಯಿತು. ಅವರು ನಿಂತು ತಲೆ ತಿರುಗಿಸಿದ ಜಾಗ, ನಕ್ಷೆಯನ್ನು ಕೈಯಲ್ಲಿ ತಿರುಗಿಸಿಕೊಂಡ ಜಾಗ, ದಾರಿಹೋಕರನ್ನು ಕೇಳಿದ ಜಾಗ ಈ ಮೂರನ್ನು ಬರೆದಿಟ್ಟುಕೊಂಡರೆ ತಿದ್ದಬೇಕಾದ್ದು ತಾನಾಗಿ ತಿಳಿಯುತ್ತದೆ.

ಕರ್ನಾಟಕದಲ್ಲಿ ಶಾಲೆಗಳು ಮೇ ಕೊನೆಗೆ ಇಲ್ಲವೇ ಜೂನ್ ಮೊದಲಿಗೆ ತೆರೆಯುತ್ತವೆ. ತರಗತಿಗಳ ಕೊಠಡಿ ಅದಲುಬದಲಾಗುವುದೂ ಆಗಲೇ. ನಕ್ಷೆಯ ಮೂಲೆಯಲ್ಲಿ ತಿದ್ದಿದ ತಿಂಗಳು, ವರ್ಷ ನಮೂದಿಸಿ, ಪ್ರತಿ ವರ್ಷ ದಾಖಲಾತಿಯ ಹೊತ್ತಿಗೆ ಹೊಸದನ್ನು ಹಾಕುವ ಕೆಲಸವನ್ನು ಒಬ್ಬ ಶಿಕ್ಷಕರಿಗೆ ಹೆಸರು ಹಿಡಿದು ವಹಿಸುವುದು ಒಳ್ಳೆಯದು.