ಕುರಿಮರಿ ಪೆನ್ನಿ ಮತ್ತು ಸ್ಟಾಫರ್ಡ್ ಟಂಕಸಾಲೆ: ಒಂದು ಮರುವಿಚಾರ

ಇಂಗ್ಲೆಂಡಿನ ದೊರೆ ಎರಡನೆಯ ಎಥೆಲ್ರೆಡ್‌ನ ‘ಆಗ್ನುಸ್ ದೇಯಿ’ (ದೇವರ ಕುರಿಮರಿ) ಬೆಳ್ಳಿ ಪೆನ್ನಿಯ ಕಾಲ 1009 ಎಂಬುದರಲ್ಲಿ ಈಗ ಹೆಚ್ಚಿನ ತಕರಾರಿಲ್ಲ. ಆ ವರ್ಷ ಆಗಸ್ಟಿನಲ್ಲಿ ಥೋರ್ಕೆಲ್‌ನ ಡೇನಿಷ್ ಪಡೆ ಸ್ಯಾಂಡ್‌ವಿಚ್‌ನಲ್ಲಿ ಬಂದಿಳಿಯಿತು. ಮೈಕೇಲ್ಮಸ್ ಹಬ್ಬಕ್ಕೆ ಮುಂಚಿನ ಮೂರು ದಿನ ನಾಡೆಲ್ಲ ಉಪವಾಸವಿರಬೇಕೆಂದು ಬಾತ್‌ನಿಂದ ರಾಜಾಜ್ಞೆ ಹೊರಟಿತು. ನಾಣ್ಯಶಾಸ್ತ್ರಜ್ಞ ಮೈಕಲ್ ಡಾಲಿಯಿಂದ ಹಿಡಿದು ಕೀನ್ಸ್–ನೈಸ್ಮಿತ್‌ರ 2011ರ ಲೇಖನದವರೆಗೆ ಈ ಆಜ್ಞೆಗೂ ನಾಣ್ಯಕ್ಕೂ ಇರುವ ನಂಟನ್ನು ಪರಿಶೀಲಿಸಲಾಗಿದೆ.

ಒಂದು ಮುಖದಲ್ಲಿ ದೊರೆಯ ತಲೆಯಿರಬೇಕಾದ ಜಾಗದಲ್ಲಿ ಪ್ರಭಾವಳಿ ಹೊತ್ತ ಕುರಿಮರಿ. ಇನ್ನೊಂದರಲ್ಲಿ ರೆಕ್ಕೆ ಬಿಚ್ಚಿದ ಪಾರಿವಾಳ, ಅದರ ಸುತ್ತ ಟಂಕಕಾರನ ಮತ್ತು ಊರಿನ ಹೆಸರು. ಆ ಊರುಗಳೇ ಸಮಸ್ಯೆ. ಸ್ಟಾಫರ್ಡ್, ಡರ್ಬಿ, ಹೆರೆಫರ್ಡ್, ಮಾಮ್ಸ್‌ಬರಿಯಂಥವು ಇವೆ. ಲಂಡನ್, ಯಾರ್ಕ್, ವಿಂಚೆಸ್ಟರ್ ಇಲ್ಲ.

ಇದು ಚಲಾವಣೆಗಲ್ಲ, ಪ್ರಾಯಶ್ಚಿತ್ತದ ಕಾಣಿಕೆಗೆಂದೇ ಹೊರಡಿಸಿದ ವಿಶೇಷ ನಾಣ್ಯ ಎಂಬ ವಾದವನ್ನು ನಾನು ಒಪ್ಪಲಾರೆ. ಆಜ್ಞೆಯ ಹಳೆಯ ಇಂಗ್ಲಿಷ್ ಪಾಠವನ್ನೇ ನೋಡಿ: ಒಂದೊಂದು ಹೈಡ್ ಜಮೀನಿಗೂ ಒಂದು ಪೆನ್ನಿ, ಇಲ್ಲವೇ ಅದರ ಬೆಲೆಯ ವಸ್ತು. ಆ ಬೆಲೆಯ ವಸ್ತುವೂ ನಡೆಯುತ್ತದೆ ಎಂದಮೇಲೆ ಕಾಣಿಕೆಗೆ ಬೇರೆ ಅಚ್ಚು ಏಕೆ? ತೂಕವೂ ಇದೇ ಮಾತು ಹೇಳುತ್ತದೆ. ಹಿಂದಿನ ‘ಹೆಲ್ಮೆಟ್’ ಮಾದರಿಗಿಂತ ಈ ಪೆನ್ನಿ ಭಾರ. ಈ ದೊರೆಯ ಕಾಲದಲ್ಲಿ ಹೊಸ ಮಾದರಿ ಶುರುವಾದಾಗ ತೂಕ ಏರಿ, ಕ್ರಮೇಣ ಇಳಿಯುವುದು ವಾಡಿಕೆ. ಹಾಗಾಗಿ ಇದು ಮುಂದಿನ ಸಾಮಾನ್ಯ ಚಲಾವಣೆಗೆಂದೇ ಆರಂಭವಾಗಿ, ‘ಲಾಸ್ಟ್ ಸ್ಮಾಲ್ ಕ್ರಾಸ್’ ಮಾದರಿಗೆ ಎಡೆಮಾಡಿಕೊಟ್ಟಿತೆಂದು ನನ್ನ ಊಹೆ.

ಊಹೆ ಎಂದೇ ಒತ್ತಿ ಹೇಳುತ್ತೇನೆ. ದೊರೆತ ನಾಣ್ಯಗಳು ಕೆಲವೇ. ಹೆಚ್ಚಿನವು ಸ್ಕ್ಯಾಂಡಿನೇವಿಯ, ಬಾಲ್ಟಿಕ್ ಕಡೆಯವು. ಹಲವನ್ನು ತೂತು ಕೊರೆದೋ ಕೊಂಡಿ ಹಾಕಿಯೋ ಪದಕ ಮಾಡಿಕೊಂಡಿದ್ದಾರೆ (ಯಾರ ವಿರುದ್ಧ ಪ್ರಾರ್ಥನೆ ನಡೆಯಿತೋ ಆ ನಾಡಿನವರೇ!). ಅಂಥವುಗಳ ತೂಕವನ್ನು ಪೂರ್ತಿ ನಂಬಲಾಗದು.

ಸಣ್ಣ ಊರುಗಳ ಗಂಟನ್ನು ಸ್ಟಾಫರ್ಡ್ ಸ್ವಲ್ಪ ಸಡಿಲಿಸಬಹುದು. 913ರಲ್ಲಿ ಎಥೆಲ್‌ಫ್ಲೆಡ್ ಕಟ್ಟಿಸಿದ ಕೋಟೆಯೂರು ಅದು. ಅಲ್ಲಿನ ಟಂಕಕಾರರು ಬೆರಳೆಣಿಕೆಯಷ್ಟು. ಅಂಥ ಕಡೆ ಒಂದೆರಡು ಜೊತೆ ಅಚ್ಚು ಮುಟ್ಟಿದರೆ ಮಾದರಿ ಬದಲಾದಂತೆಯೇ. ಲಂಡನ್ನಿನ ಹತ್ತಾರು ಟಂಕಕಾರರಿಗೆ ಅಚ್ಚು ಒದಗಿಸುವಷ್ಟರಲ್ಲಿ ಯೋಜನೆಯೇ ನಿಂತಿರಬಹುದು. ಆದರೆ ಸ್ಟ್ಯಾಮ್‌ಫರ್ಡ್ ಅಷ್ಟು ಸಣ್ಣದಲ್ಲ, ಅದೂ ಈ ಪಟ್ಟಿಯಲ್ಲಿದೆ. ನನ್ನ ವಾದಕ್ಕೆ ಅದು ತೊಡಕೇ. ಲಂಡನ್ ಹೆಸರಿನ ಒಂದೇ ಒಂದು ಕುರಿಮರಿ ಪೆನ್ನಿ ನಾಳೆ ಮಣ್ಣಿನಿಂದೆದ್ದರೂ ಈ ಭಾಗವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಯೋಜನೆಯನ್ನು ಕೈಬಿಟ್ಟವರು ಯಾರು, ದೊರೆಯೋ ಆಜ್ಞೆಯ ಪಾಠ ಬರೆದ ಆರ್ಚ್‌ಬಿಷಪ್ ವುಲ್ಫ್‌ಸ್ಟನನೋ, ಎಂಬುದಕ್ಕೆ ನಾಣ್ಯಗಳಿಂದ ಉತ್ತರ ಸಿಗುವಂತಿಲ್ಲ.