ಮೆಣಸಿನ ತೆನೆಯಿಂದ ಚದುರು ನಕ್ಷೆಗೆ: ಹಿರಿಯ ಪ್ರಾಥಮಿಕ ಗಣಿತದಲ್ಲಿ ಒಂದು ಕಲಿಕೆಯ ದಾರಿ

ಶಿರಸಿ ತಾಲೂಕಿನ ವಾನಳ್ಳಿಯ ಕಡೆ ಅಡಿಕೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ವಾಡಿಕೆ. ಕೊಯ್ಲಿನ ದಿನ ಬುಟ್ಟಿಯಿಂದ ಮೂವತ್ತು ತೆನೆ ತೆಗೆದು, ಒಂದೊಂದರ ಉದ್ದವನ್ನು ಸ್ಕೇಲಿನಲ್ಲಿ ಅಳೆದು, ಕಾಳು ಬಿಡಿಸಿ ಎಣಿಸಿದರೆ ಏಳೆಂಟನೇ ತರಗತಿಯ ಮಕ್ಕಳಿಗೆ ಒಳ್ಳೆಯ ದತ್ತಾಂಶ ಸಿದ್ಧ. ಉದ್ದವನ್ನು ಅಡ್ಡ ಅಕ್ಷದಲ್ಲಿ, ಕಾಳಿನ ಸಂಖ್ಯೆಯನ್ನು ಲಂಬ ಅಕ್ಷದಲ್ಲಿ ಗುರುತಿಸಬೇಕು. ಉದಾಹರಣೆಗೆ, 9 ಸೆಂ.ಮೀ. ತೆನೆಯಲ್ಲಿ 48 ಕಾಳಿದ್ದರೆ ಗ್ರಾಫ್ ಹಾಳೆಯ ಮೇಲೆ ಅದು ಒಂದೇ ಚುಕ್ಕೆ. ಹೀಗೆ ಮೂವತ್ತು ಚುಕ್ಕೆ ಬಿದ್ದಾಗ ಮೂಡುವುದು ಚದುರು ನಕ್ಷೆ, ಅಂದರೆ ಸ್ಕ್ಯಾಟರ್ ಪ್ಲಾಟ್.

ಚುಕ್ಕೆ ಇಡುವುದು ಸುಲಭ, ಓದುವುದು ಕಷ್ಟ.

ಹಲವು ವರ್ಷ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿಯ 8ನೇ ತರಗತಿಯ ಗಣಿತ ಪುಸ್ತಕದಲ್ಲಿ ರೋಗಿಯೊಬ್ಬರ ಜ್ವರದ ಏರಿಳಿತವನ್ನು ತೋರಿಸುವ ರೇಖಾನಕ್ಷೆಯಿದೆ. ಅಲ್ಲಿ ಚುಕ್ಕೆಗೆ ಚುಕ್ಕೆ ಸೇರಿಸುವುದು ಸರಿ, ಏಕೆಂದರೆ ಎರಡು ಅಳತೆಗಳ ನಡುವೆ ಕಾಲ ಹರಿದಿರುತ್ತದೆ. ಎರಡು ತೆನೆಗಳ ನಡುವೆ ಹಾಗೆ ಹರಿಯುವುದು ಏನೂ ಇಲ್ಲ. ಆದರೂ ಕೈಗೆ ಅದೇ ರೂಢಿಯಾದ ಮಗು ಗೆರೆ ಎಳೆಯಲು ಹೊರಡುತ್ತದೆ. ಅಮೆರಿಕದ 2010ರ ಕಾಮನ್ ಕೋರ್ ಪಠ್ಯಕ್ರಮ ಚದುರು ನಕ್ಷೆಯನ್ನು 8ನೇ ತರಗತಿಯಲ್ಲೇ ಇಟ್ಟಿದೆ. ಎನ್‌ಸಿಇಆರ್‌ಟಿಯಲ್ಲಿ ಅದರ ವಿವರವಾದ ಪಾಠ ಸಿಗುವುದು 11ನೇ ತರಗತಿಯ ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಪುಸ್ತಕದಲ್ಲಿ.

ಸ್ಪೇನಿನ ಸಂಶೋಧಕಿ ಕಾರ್ಮೆನ್ ಬಟನೇರೊ ಮತ್ತು ಸಂಗಡಿಗರು ಸಹಸಂಬಂಧದ ಬಗ್ಗೆ ವಿದ್ಯಾರ್ಥಿಗಳಲ್ಲಿರುವ ತಪ್ಪು ಗ್ರಹಿಕೆಗಳನ್ನು ವಿಂಗಡಿಸಿದ್ದಾರೆ. ಒಂದು ಉದ್ದಕ್ಕೆ ಒಂದೇ ಸಂಖ್ಯೆಯ ಕಾಳಿರಬೇಕೆಂಬ ನಂಬಿಕೆ ಮೊದಲನೆಯದು. ಒಂದು ಏರಿದಾಗ ಇನ್ನೊಂದೂ ಏರಿದರಷ್ಟೇ ಸಂಬಂಧವೆಂಬುದು ಎರಡನೆಯದು; ಅಂಗಳದಲ್ಲಿ ಹರವಿದ ಮೆಣಸು ದಿನ ಕಳೆದಂತೆ ತೂಕ ಇಳಿಯುವುದನ್ನು ಕಂಡ ಮಗುವಿಗೆ ಇದನ್ನು ತಿದ್ದಿಕೊಳ್ಳುವುದು ಕಷ್ಟವಲ್ಲ. ಎರಡು ಮೂರು ಚುಕ್ಕೆ ನೋಡಿ ಇಡೀ ಹಾಳೆಯ ತೀರ್ಪು ಕೊಡುವುದು ಮೂರನೆಯದು. ಸಂಬಂಧವನ್ನೇ ಕಾರಣವೆಂದು ಬಗೆಯುವುದು ನಾಲ್ಕನೆಯದು.

ಮೊದಲ ಹಾಗೂ ಮೂರನೆಯ ತಪ್ಪಿಗೆ ಪಾಲ್ ಕಾಬ್ ಮತ್ತು ಸಹೋದ್ಯೋಗಿಗಳು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 8ನೇ ತರಗತಿಯ ಮಕ್ಕಳೊಡನೆ ನಡೆಸಿದ ಬೋಧನಾ ಪ್ರಯೋಗ ದಾರಿ ತೋರಿಸುತ್ತದೆ. ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ನೋಡುವುದು ಅದರ ತಿರುಳು. 8ರಿಂದ 10 ಸೆಂ.ಮೀ. ಪಟ್ಟಿಯಲ್ಲಿ ಕಾಳುಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ? 10ರಿಂದ 12ರ ಪಟ್ಟಿಯಲ್ಲಿ ಆ ಹರಹು ಮೇಲಕ್ಕೆ ಸರಿದಿದೆಯೇ? ಹೀಗೆ ಕೇಳಿದಾಗ ಮಗುವಿನ ಕಣ್ಣು ಬಿಡಿ ಚುಕ್ಕೆಯಿಂದ ಗುಂಪಿನತ್ತ ಹೊರಳುತ್ತದೆ.

ಗುಂಪಿನಿಂದ ದೂರ ಉಳಿದ ಚುಕ್ಕೆಗೂ ಕತೆಯಿದೆ. ಉದ್ದವಿದ್ದೂ ಅಲ್ಲಲ್ಲಿ ಮಾತ್ರ ಕಾಳು ಕಟ್ಟಿದ ತೆನೆ ಅದು. ಹೂ ಬಿಡುವಾಗ ಮಳೆ ಕೈಕೊಟ್ಟರೆ ಹಾಗಾಗುತ್ತದೆ. ಅದನ್ನು ತಪ್ಪೆಂದು ಅಳಿಸಬಾರದು. ತಳಿಯನ್ನೂ ಬರೆದಿಟ್ಟುಕೊಳ್ಳಬೇಕು: ಊರಿನ ಮಲ್ಲಿಗೆಸರದ ಜೊತೆ, ಉದ್ದ ತೆನೆಗೆ ಹೆಸರಾದ ಕೇರಳದ ಪನ್ನಿಯೂರು-1 ಬೆರೆತರೆ ಒಂದೇ ಹಾಳೆಯಲ್ಲಿ ಎರಡು ಗುಂಪು ಕಾಣಬಹುದು.

ನಾಲ್ಕನೆಯ ತಪ್ಪಿಗೆ ಉತ್ತರವೂ ತೋಟದಲ್ಲೇ ಇದೆ. ಅಡಿಕೆಗೆ ಕೊಳೆರೋಗ ಹೆಚ್ಚಿದ ವರ್ಷ ಮೆಣಸಿನ ಬಳ್ಳಿಗೆ ಸೊರಗು ರೋಗವೂ ಹೆಚ್ಚುವುದುಂಟು. ಕೊಳೆಯಿಂದ ಸೊರಗು ಬಂದದ್ದಲ್ಲ. ಎರಡಕ್ಕೂ ಅನುಕೂಲ ಮಾಡಿಕೊಟ್ಟದ್ದು ಎಡೆಬಿಡದೆ ಸುರಿದ ಮಳೆ. ಹಾಗಾಗಿ ವರ್ಷ ವರ್ಷದ ದತ್ತಾಂಶದಿಂದ ಈ ಚಟುವಟಿಕೆ ಮಾಡಿಸುವ ಶಿಕ್ಷಕರು ಮಕ್ಕಳ ಪುಸ್ತಕದಲ್ಲಿ ಎರಡು ಅಳತೆಗಳ ಪಕ್ಕ ಮಳೆಗೆಂದೇ ಮೂರನೆಯ ಕಾಲಂ ಹಾಕಿಸುವುದು ಒಳ್ಳೆಯದು.